ಇದಾ, ಅದಾ?

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನನ್ನದೊಂದು ಕನ್ನಡಕದಂಗಡಿ.
ಹದಿನಾಲ್ಕು ವರ್ಷದಿಂದ ಕೇಳುತ್ತ ಬಂದದ್ದು ಒಂದೇ:
ಇದರಲ್ಲಿ ಚೆನ್ನಾಗಿ ಕಾಣುತ್ತಾ?
ಗಾಜು ಬದಲಿಸಿ, ಇದರಲ್ಲಿ?
ಇದಾ, ಅದಾ?
ಎರಡೂ ಒಂದೇ ಥರ ಮೇಡಂ, ಅಂದುಬಿಟ್ಟರೆ
ಅಲ್ಲಿಗೆ ಮುಗಿಯಿತು. ಬರೆದುಕೊಳ್ಳುತ್ತೇನೆ.

ಹಾಲಮ್ಮತ್ತೆ ನನ್ನ ಮುಂದೆ ಗಾಜು ಬದಲಿಸುತ್ತಾಳೆ:
ಸೊರಬದ ಮೇಷ್ಟ್ರು. ಶಿಕಾರಿಪುರದ ಬೀಜಗೊಬ್ಬರ.
ಇನ್ನೊಬ್ಬರದು ಎರಡನೇ ಸಂಬಂಧ, ಆದರೂ ಹಲ್ಲೆಲ್ಲ ಸ್ವಂತದ್ದೇ.
ಒಬ್ಬರ ದನಿ ಹಿಡಿಸಿತು, ಒಬ್ಬರ ಕೈಬರಹ.
ಒಬ್ಬರು ನಕ್ಕಾಗ ಎಲ್ಲೋ ಕಿಟಕಿ ತೆರೆದಂತಾಗಿ
ಮರುವಾರ ಅವರಮ್ಮನ ಫೋನು:
ಅಂಗಡಿ ಮುಚ್ಚುತ್ತಾಳಲ್ಲ?

ಕಳೆದ ಗುರುವಾರ ಗಿರಾಕಿಯ ಹಾಗೆ ಬಂದ
ಭದ್ರಾವತಿಯ ಶಿವಯೋಗಿ.
ಅತ್ತೆ ಕಳಿಸಿದ್ದೆಂದು ಅಂಗಿಯ ಇಸ್ತ್ರಿಯೇ ಹೇಳಿತು.
ಕೂರಿಸಿದೆ, ಎಡಗಣ್ಣು ಮುಚ್ಚಿಸಿದೆ,
ಕೊನೆಯ ಸಾಲು ಓದಿ ಅಂದೆ.
ಗಡಗಡ ಓದಿದ, ಒಂದಕ್ಷರ ತಪ್ಪದೆ.
ಬೆಂಚಿನ ಮೇಲೆ ಕಾಯುವಾಗ ಬಾಯಿಪಾಠ ಮಾಡಿದ್ದ.
ಚಾರ್ಟು ತಿರುಗಿಸಿದೆ.
‘ಪ’ಗೆ ‘ವ’ ಅಂದ, ‘ಠ’ಗೆ ‘ರ’,
ಆಮೇಲೆ ಸುಮ್ಮನಾದ.
‘ಕಾಣಲ್ಲ ಮೇಡಂ. ವರ್ಷವಾಯ್ತು.
ಹೆಣ್ಣು ನೋಡೋ ಹೊತ್ತಲ್ಲಿ ಕನ್ನಡಕ ಬೇಡ ಅಂತಾರೆ ಮನೇಲಿ.’

ನಗು ಬರಬೇಕಿತ್ತು. ಬರಲಿಲ್ಲ.
ಒಬ್ಬಳೇ ಹಾಯಾಗಿದ್ದೇನೆ, ಒಬ್ಬಳೇ ಹಾಯಾಗಿದ್ದೇನೆ ಅಂತ
ಕೇಳಿದವರಿಗೆಲ್ಲ ಗಡಗಡ ಒಪ್ಪಿಸುವ ನನ್ನ ಸಾಲನ್ನು
ನಾನು ಕೊನೆಯ ಸಲ ಕಣ್ಣಿಟ್ಟು ಓದಿದ್ದು ಯಾವಾಗ?

ಸುಳ್ಳಂತೂ ಅಲ್ಲ ಅದು.
ಭಾನುವಾರ ಸ್ಕೂಟಿ ಹತ್ತಿ ಕೂಡ್ಲಿಗೆ ಹೋಗಿ
ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು
ಹೊತ್ತು ಮುಳುಗುವ ತನಕ ಯಾರಿಗೂ ಹೇಳದೆ ಕೂರುವುದು,
ಆ ಸುಖಕ್ಕೆ ಯಾವ ಗಾಜೂ ಬೇಡ.
ಎರಡು ಹೊಳೆ ಕೂಡೋದು ನೋಡಿಯೂ ಬುದ್ಧಿ ಬರಲಿಲ್ವಾ, ಅಂತ ಅತ್ತೆ.
ಒಂದೇ ಬೆಟ್ಟದಲ್ಲಿ ಹುಟ್ಟಿಯೂ ಅಷ್ಟು ದೂರ
ಬೇರೆ ಬೇರೆ ಹರಿದವಲ್ಲ, ಅಂತ ನಾನು.

ಕನ್ನಡಕ ಸಿದ್ಧವಾದ ದಿನ ಶಿವಯೋಗಿ
ಹಾಕಿಕೊಂಡವನೇ ನನ್ನ ಕಡೆ ನೋಡಲಿಲ್ಲ.
ಬಾಗಿಲಿಗೆ ಹೋಗಿ ನಿಂತ.
‘ಮರದಲ್ಲಿ ಎಲೆ ಎಲೆ ಬೇರೆ ಕಾಣ್ತಿದೆ!’
ಎದುರಿನ ಬೋರ್ಡುಗಳನ್ನೆಲ್ಲ ಮಗುವಿನಂತೆ ಜೋರಾಗಿ ಓದಿದ,
ಬೇಕರಿಯ ಬೋರ್ಡಿನಲ್ಲೊಂದು ಒತ್ತಕ್ಷರ ತಪ್ಪಿರುವುದು
ನನಗೂ ಆವತ್ತೇ ಗೊತ್ತಾದದ್ದು.

ಬಿಲ್ಲು ಪೂರ್ತಿ ಕೊಟ್ಟ. ಮತ್ತೆ ಬರಬಹುದಾ, ಅಂದ.
ಆರು ತಿಂಗಳಿಗೊಮ್ಮೆ ಕಣ್ಣು ತೋರಿಸಬೇಕು, ಅಂದೆ.

ರಾತ್ರಿ ಅತ್ತೆಯ ಫೋನು: ಹೇಗೆ ಕಂಡ?

ಅವನಿಗೀಗ ಚೆನ್ನಾಗಿ ಕಾಣುತ್ತೆ, ಅತ್ತೆ.