ಕೇಳಸವಲ್ದು

ಮೊದಲ ಹೋಗಿದ್ದು ಫೋನಿನ ಬಾಯಿ.
ಕಿವಿ ನೆಟ್ಟಗೈತಿ.
ಇಚಲಕರಂಜಿಯಿಂದ ಕಸ್ತೂರಿ ಒದರತಾಳ:
ಹಲೋ, ಹಲೋ, ಏ ದುಂಡವ್ವಾ,
ಕೇಳಸವಲ್ದು, ಜೋರಾಗಿ ಮಾತಾಡ.
ಅಕಿ ಮನಿ ಕುಕ್ಕರ ಮೂರು ಸಲ ಸೀಟಿ ಹೊಡದದ್ದು
ನನಗ ಕೇಳತೈತಿ.
ಅಕಿ ಗಂಡ ಚಪ್ಪಲಿ ಹುಡುಕೂದೂ ಕೇಳತೈತಿ.
ನಾ ಇಲ್ಲಿ ಬನಹಟ್ಟ್ಯಾಗ ಮಾಳಿಗಿ ಏರಿ
ಕೊಳ್ಳಿನ ನರ ಉಬ್ಬಿಸಿ
ಅದೀನಿ, ಅದೀನಿ ಅಂತ ಚೀರೀನಿ.
ಓಣ್ಯಾನ ನಾಯಿಗೆ ಕೇಳಸ್ತು.
ಎದುರ ಮನಿ ಮುದಕಿಗೆ ಕೇಳಸ್ತು,
ಹೊರಗ ಬಂದು, ಯಾರ ಸತ್ರ ಬೇ ಅಂದ್ಳು.
ಕಸ್ತೂರಿಗೆ ಇಲ್ಲ.

ಬಸ್ ಸ್ಟ್ಯಾಂಡಿನ ಮುಂದಿನ ಅಂಗಡಿ ಹುಡುಗ
ಕಣ್ಣಿಗೆ ಭೂತಗನ್ನಡಿ ಸಿಗಸ್ಕೊಂಡ
ಸೂಜೀಲೆ ಕೆದರಿ ಕೆದರಿ ತಗದ,
ಅರಳಿ.
ಸಾಸ್ವಿ ಕಾಳಿನಷ್ಟು, ಮೆತ್ತಗ, ಮಾಸಿದ ಬಿಳಿ.
"ಅಕ್ಕಾರ, ಪಾವಲೂಮಿನ್ಯಾಗ ದುಡೀತೀರೇನ?
ಈ ಊರಾಗ ಎಲ್ಲಾ ಫೋನಿಗೂ ಇದ ಜಡ್ಡ."
ಎದ್ಯಾಗಿಂದೂ ಹಿಂಗ ತಗೀತೀಯೇನಪಾ ಅಂತ
ಕೇಳಾಕಿದ್ದೆ.
ಎಂಬತ್ತು ರೂಪಾಯಿ ಎಣಿಸಿ ಕೊಟ್ಟು ಬಂದೆ.

ಮೂರು ದಿನ ನಡೀತು, ನಾಕನೇ ದಿನ ಮತ್ತ ಮೂಕ.
ಬೋರ್ಡ್ ಹೋಗೈತ್ರಿ, ಹೊಸಾದ ತಗೋರಿ ಅಂದ.
ಹೊಸಾದು ಅಂದ್ರ ನೂರಾ ಹನ್ನೊಂದು ಸೀರಿ.
ನಾ ರೊಕ್ಕ ಎಣಸೂದು ಸೀರಿಲೆ.
ಸಂಕ್ರಾಂತಿ ಆಗಲಿ ಅಂದೆ, ಆತು.
ಹೋಳಿ ಹುಣ್ಣಿವಿ ಬಂತು.

ಬರಿಯಾಕ ನನಗ ಸಹಿ ಅಷ್ಟ ಬರತೈತಿ.
ದನಿ ಮೆಸೇಜ್ ಕಳಸಿದೆ ಒಂದ ಸಲ:
ಹನ್ನೊಂದು ಸೆಕೆಂಡು, ಬರೇ ಗಾಳಿ.
ಮಗನ ಫೋನಿಲೆ ಮಾಡಬಹುದು, ಖರೆ.
ಅವ ಎದುರ ನಿಂತು, ಮುಗೀತೇನಬೇ ಅಂತಾನ.
ನಿಂತಾವ್ನ ಮುಂದ
ಏನಂತ ಮಾತಾಡೂದು?

ಮಂದಿ ಹೆಂಗ ಕಳೀತಾರ ಗೊತ್ತೇನ?
ಜಗಳಾಡಿ ಅಲ್ಲ.
ರುಕ್ಮವ್ವ ಎರಡು ಸಲ ಹಲೋ ಅಂದ್ಳು.
ಮೂರನೇ ಸಲ ಮಗಳ ಕಡೆ ಹೊಳ್ಳಿ,
"ಹೋಗಲಿ ಬಿಡ, ದೊಡ್ಡಾಕಿ ಆಗ್ಯಾಳ."
ಫೋನ ಇಡೂಕಿಂತ ಮೊದಲ ಅದು
ನನ್ನ ಕಿವ್ಯಾಗ ಬಿತ್ತು.
ದೊಡ್ಡಾಕಿ!
ಇಪ್ಪತ್ತೆರಡು ವರ್ಷ ಅಕಿ ಡಬ್ಬಿದಾಗ ಕೈ ಹಾಕಿ
ರೊಟ್ಟಿ ತಿಂದಾಕಿ ನಾ.
ಆ ಸತ್ತ ಬಾಯಿಗೆ ನನ್ನ ಬಾಯಿ ಹಚ್ಚಿ
ಇಲ್ಲ ಬೇ, ಇಲ್ಲ ಬೇ ಅಂದೆ.
ಗಾಜಿಗೆ ಉಸರು ಹತ್ತಿ
ಅಕಿ ಫೋಟೋ ಮಸಕಾತು.

ಶೆಡ್ಡಿನ್ಯಾಗ ಇಪ್ಪತ್ತನಾಕು ಮಗ್ಗ ಇದ್ದುವು.
ಖಟಾಪಟ ಖಟಾಪಟ, ಅದರಾಗ
ಯಾರ ಮಾತೂ ಯಾರಿಗೂ ಎಂದೂ ಕೇಳಿಲ್ಲ.
ಆದ್ರೂ ಮಾಲನಬಿ ಆ ತುದಿಗೆ ತುಟಿ ಅಲ್ಲಾಡಿಸಿದ್ರ
ಅಕಿ ಸೊಸಿ ಬಸರಾದದ್ದು,
ಉಳ್ಳಾಗಡ್ಡಿ ತುಟ್ಟಿಯಾದದ್ದು,
ರಾತ್ರಿ ಅಕಿ ಅತ್ತದ್ದು
ಈ ತುದಿಗೆ ಬಂದು ಮುಟ್ಟತಿತ್ತು.
ಮೂಗು ಹಿಡಕೊಂಡ್ರ ಮಾಲಕ ಬಂದ.
ಮುಂಗೈ ಹೊಳ್ಳಿಸಿದ್ರ ಚಾ.
ಹಣಿ ಒರಸ್ಕೊಂಡ್ರ,
ಎಳಿ ಹರದೈತಿ, ಬಾ.
ದನಿ ಅಂಬೂದು ನಮಗ ಬೇಕಾಗಿದ್ದಿಲ್ಲ.
ಮಾರಿ ಇತ್ತು.

ನಿನ್ನೆ ರಾತ್ರಿ ಜಮಖಂಡಿಯಿಂದ ಮಾಲನಬಿ.
ಹಲೋ ಅನ್ನಲಿಲ್ಲ.
"ನಿಂದು ಬರವಲ್ದಂತ, ಕಸ್ತೂರಿ ಹೇಳಿದ್ಳು.
ಸುಮ್ನ ಕುಂದರ. ನಾ ಮಾತಾಡತೀನಿ."
ಮಣಕಾಲ ಹಂಗ ಐತಂತ.
ಮೊಮ್ಮಗನ ಮುಂದಿನ ಹಲ್ಲು ಎರಡೂ ಬಿದ್ದಾವಂತ.
ಮಗಳ ಮನ್ಯಾಗ ಫ್ಯಾನಿಂದೂ ಸಪ್ಪಳಿಲ್ಲ,
ನಿದ್ದಿನ ಹತ್ತವಲ್ದಂತ.
"ನಿನ್ನ ಕೆಮ್ಮು ಹೆಂಗೈತಿ?" ಅಂದು
ತಡದ್ಳು.
ಖರೇನ ನಾ ಹೇಳಾಕತ್ತೀನಿ ಅನ್ನೂವಂಗ
ಅಷ್ಟೂ ಹೊತ್ತು ತಡದ್ಳು.

ನಾ ತುಟಿ ಅಲ್ಲಾಡಿಸಿದೆ. ದನಿ ತಗೀಲಿಲ್ಲ.
ಆಮ್ಯಾಲ ಆ ಕತ್ತಲ ಮಾಳಿಗಿ ಮ್ಯಾಲ,
ನೋಡಾವ್ರು ಯಾರಿಲ್ಲ,
ಹಣಿ ಒರಸ್ಕೊಂಡೆ.

"ಹೂಂ," ಅಂದ್ಳು ಮಾಲನಬಿ.
"ದವಾಖಾನಿಗೆ ಹೋಗ."