ಐದು ಶಿಲ್ಲಿಂಗ್ ದಂಡ

ಬರ್ಸ್ಲಮ್‌ನ ಲೈಬ್ರರಿ, ಮೇಲಿನ ಮಹಡಿ, ಶನಿವಾರ.
ಟೇಬಲ್ಲಿನಿಂದ ಟೇಬಲ್ಲಿಗೆ ವೈರು ಎಳೆದು
ಯಾರೂ ಎಡವದಿರಲೆಂದು ಹಳದಿ ಟೇಪು ಅಂಟಿಸಿ
ಹನ್ನೊಂದು ಕುರ್ಚಿ ಹಾಕಿದ್ದೇನೆ.
ಬೋರ್ಡಿನ ಮೇಲೆ ವೈಫೈ ಪಾಸ್‌ವರ್ಡು,
ಅದರ ಕೆಳಗೆ ನನ್ನದೇ ಕೈಬರಹ:
ಗೊತ್ತಿದ್ದರೆ ಸಾಲದು, ಎಲ್ಲಿ ಓದಿದಿರಿ ಹೇಳಿ.

ಬಂದವರು ಏಳು ಮಂದಿ.
ನಿವೃತ್ತ ಅಂಚೆಯವ ಕ್ಲೈವ್, ಒಂದೇ ಬೆರಳಿನ ಟೈಪಿಂಗು,
ಅಕ್ಷರ ಅಕ್ಷರವನ್ನೂ ಅದರದರ ಮನೆಗೆ ಹಾಕಿ ಬರುವ ಹಾಗೆ.
ಕಾಲೇಜು ಹುಡುಗಿ ಝೈನಬ್, ಬೆರಳು ಕಾಣದಷ್ಟು ವೇಗ.
ಬಿಸ್ಕತ್ತಿಗೆಂದೇ ಬಂದ ಇಬ್ಬರು;
ಅವರನ್ನೂ ಬಿಡದೆ ಕೂರಿಸಿದೆ
ಕಾಲುವೆಯ ಪುಟಕ್ಕೆ ಅಲ್ಪವಿರಾಮ ಹಾಕಲು.

ಈ ಊರಿನ ಪಿಂಗಾಣಿ, ಇವತ್ತಿನ ವಿಷಯ.
ವಿಶ್ವಕೋಶದಲ್ಲಿ ಕಾರ್ಖಾನೆಗಳ ಪುಟವಿದೆ, ಮಾಲೀಕರದ್ದಿದೆ,
ಒಬ್ಬ ಮಾಲೀಕನ ಕುದುರೆಗೂ ಒಂದಿದೆ.
ತಟ್ಟೆಯ ಅಂಚಿಗೆ ಹೂ ಬರೆದವರದ್ದಿಲ್ಲ.

ಹನ್ನೊಂದೂವರೆಗೆ ಡೊರೀನ್ ಟನಿಕ್ಲಿಫ್ ಬಂದರು, ಎಂಬತ್ತಮೂರು.
ಚೀಲದಲ್ಲಿ ಟವೆಲು, ಟವೆಲಿನಲ್ಲಿ ತಟ್ಟೆ.
"ನಮ್ಮ ಸೋದರತ್ತೆ ಏಡಾ ಬರೆದದ್ದು" ಎಂದು
ಹೂವನ್ನು ತೋರಿಸದೆ ಬೆನ್ನು ತಿರುಗಿಸಿ ಹಿಡಿದರು:
ಕಂಪನಿಯ ಮುದ್ರೆ, ಪಕ್ಕದಲ್ಲಿ ಸಾಸಿವೆ ಗಾತ್ರದ
ಮೂರು ನೀಲಿ ಚುಕ್ಕಿ.
ಅದೇ ಅವಳ ಗುರುತಂತೆ.
ವಾರದ ಕೊನೆಗೆ ಚುಕ್ಕಿ ನೋಡಿ ಕೂಲಿ ಕೊಡುತ್ತಿದ್ದರಂತೆ.

ಅಂತೆ.
ನನ್ನ ನುಡಿಯಲ್ಲಿ ಈ ಎರಡಕ್ಷರದ ಮೇಲೆ
ಊರಿಗೆ ಊರೇ ನಿಂತುಕೊಳ್ಳುತ್ತದೆ.
ಇಲ್ಲಿ ಇದಕ್ಕೆ ಕುರ್ಚಿಯಿಲ್ಲ.

ಆದರೂ ಝೈನಬ್ ಬರೆದಳು, ನಾಲ್ಕು ಸಾಲು, ಒಂದು ಫೋಟೊ.
ಗುಂಡಿ ಒತ್ತಿದಳು. ಚಪ್ಪಾಳೆ.
ಚಹಾ ಆರುವ ಮೊದಲೇ ಯಾವ ಊರಿನ ಯಾರೋ ಅಳಿಸಿದ್ದ:
ಆಧಾರವಿಲ್ಲ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ,
ಕನ್ನಡದಲ್ಲೇ ಗೊಣಗಿದೆ
ಕುಂಬಾರರ ಊರಿನಲ್ಲಿ, ಒಬ್ಬರಿಗೂ ತಿಳಿಯದ ಹಾಗೆ.
ಅವನ ಮೇಲೆ ಸಿಟ್ಟಾಗುವ ಮುಖ ನನಗಿಲ್ಲ.
ರಾತ್ರಿಯ ಹೊತ್ತು, ಊಟದ ತಟ್ಟೆ ಪಕ್ಕಕ್ಕಿಟ್ಟು,
ನಾನೂ ಎಷ್ಟು ಜನರ ಸೋದರತ್ತೆಯರನ್ನು ಅಳಿಸಿದ್ದೇನೆ.

ಕ್ಲೈವ್ ಮಾತಾಡದೆ ಎದ್ದು ನೆಲಮಾಳಿಗೆಗೆ ಹೋದ.
ಅಲ್ಲಿ ಹಳೆಯ ಪತ್ರಿಕೆಗಳ ಸುರುಳಿ ಫಿಲ್ಮು, ತಿರುಗಿಸುವ ಹಿಡಿ.
ವಿಳಾಸ ಅಳಿಸಿಹೋದ ಕಾಗದಕ್ಕೆ ಮನೆ ಹುಡುಕಿ ರೂಢಿಯಾದವನು
ಮೂರು ಗಂಟೆಗೆ ಮೇಲೆ ಬಂದ, ಕಣ್ಣು ಕೆಂಪು.
ಸಾವಿರದ ಒಂಬೈನೂರ ಮೂವತ್ತಾರು, ನವೆಂಬರ್, ಏಳನೆಯ ಪುಟ,
ಕೆಮ್ಮಿನ ಔಷಧಿಗೂ ಕಳೆದುಹೋದ ನಾಯಿಗೂ ನಡುವೆ:

*ಏಡಾ ಟನಿಕ್ಲಿಫ್, ಇಪ್ಪತ್ತನಾಲ್ಕು, ಪಿಂಗಾಣಿ ಚಿತ್ರಗಾರ್ತಿ,
ದೀಪವಿಲ್ಲದ ಸೈಕಲ್ ಓಡಿಸಿದ್ದಕ್ಕೆ
ಐದು ಶಿಲ್ಲಿಂಗ್ ದಂಡ.*

ಹೆಸರು, ವಯಸ್ಸು, ಕಸುಬು, ತಾರೀಕು, ಪುಟಸಂಖ್ಯೆ.
ಇಷ್ಟು ಅಚ್ಚುಕಟ್ಟಾಗಿ ಅವಳನ್ನು
ಇನ್ನಾರು ಬರೆದಿಟ್ಟಿದ್ದರು?
ಇಪ್ಪತ್ತು ವರ್ಷ ಹೂ ಬರೆದದ್ದಕ್ಕೆ ಸಾಕ್ಷಿ ಒಬ್ಬ ಕಾನ್‌ಸ್ಟೇಬಲ್.
ಝೈನಬ್ ಮತ್ತೆ ಬರೆದಳು, ಕೊನೆಗೆ ಪುಟ್ಟ ಸಂಖ್ಯೆ ಕೂರಿಸಿದಳು.
ಕಾದೆವು. ಚಹಾ ಆರಿತು.
ಯಾರೂ ಅಳಿಸಲಿಲ್ಲ.

ಡೊರೀನ್ ಕನ್ನಡಕ ಏರಿಸಿ ಓದಿ ಜೋರಾಗಿ ನಕ್ಕರು.
"ಸೈಕಲ್ ನಮ್ಮಪ್ಪನದು. ಅದನ್ನೂ ಹಾಕಮ್ಮ."
ಝೈನಬ್ ನನ್ನ ಮುಖ ನೋಡಿದಳು.
ನಾನು ಬೋರ್ಡು ನೋಡಿದೆ.
"ಹೋಗಲಿ ಬಿಡಿ, ದಂಡ ಕಟ್ಟಿದ್ದೂ ಅವರೇ" ಎನ್ನುತ್ತ
ಮೂರು ಚುಕ್ಕಿಯನ್ನು ಟವೆಲಿನಲ್ಲಿ ಸುತ್ತಿದರು.
ಎರಡು ಬಿಸ್ಕತ್ತನ್ನೂ.

ಟೇಪು ಕಿತ್ತು, ವೈರು ಸುತ್ತಿ, ಕಪ್ಪು ತೊಳೆದು ಹೊರಟಾಗ
ನಾಲ್ಕೂವರೆಗೇ ಕತ್ತಲು.
ಸೈಕಲ್ಲಿನ ದೀಪ ಹಚ್ಚಲು ಹೋದ ಕೈ ಹಿಂದೆ ಬಂತು.
ಯಾರಾದರೂ ತಡೆಯಲಿ,
ಬರೆದುಕೊಳ್ಳಲಿ ಹೆಸರು, ವಯಸ್ಸು.
ಕಸುಬು ಕೇಳಿದರೆ ಏನೆನ್ನುವುದು?
ಅದನ್ನೇ ಯೋಚಿಸುತ್ತ ಇಳಿಜಾರು ಮುಗಿಯುವವರೆಗೆ
ದೀಪವಿಲ್ಲದೆ ಬಂದೆ.

ಯಾರೂ ತಡೆಯಲಿಲ್ಲ.