ಮೂರು ಮೀಟರ್ ಟೇಪು

ತ್ಬಿಲಿಸಿಯಲ್ಲಿ ತರಬೇತಿ ಮುಗಿಸಿ ಚಿಯಾತುರಾಕ್ಕೆ ಮರಳಿದಾಗ
ನನ್ನ ಚೀಲದಲ್ಲಿ ನಲವತ್ತೆರಡು ಹೆಸರುಗಳ ಪಟ್ಟಿ:
ಸಾಬೂನಿನ ಗುಳ್ಳೆ, ಬುಗುರಿ, ಚಾಕೊಲೇಟು,
ಅಂಗೈಗೆ ಅಂಗೈ ತಟ್ಟುವುದು, ಬೆನ್ನು ಸವರುವುದು.
ಎರಡೆರಡೇ ತಟ್ಟೆಯಲ್ಲಿಡಿ, ಅಂದಿದ್ದರು,
ಮಗು ಯಾವುದಕ್ಕೆ ಕೈ ಚಾಚುತ್ತದೋ ಅದೇ ಅದರ ಬಹುಮಾನ.

ಉಚಾ ತಟ್ಟೆಗೇ ಕೈ ಚಾಚಿದ.
ಚಾಕೊಲೇಟು ಅತ್ತ, ಗುಳ್ಳೆಯ ಸೀಸೆ ಇತ್ತ ಉರುಳಿ
ತಟ್ಟೆ ನೆಲದ ಮೇಲೆ ಗಿರಗಿರ ತಿರುಗಿ
ಇನ್ನೇನು ನಿಲ್ಲಬೇಕು ಅನ್ನುವಾಗಿನ ಆ ನಡುಕಕ್ಕೆ
ನೆಲಕ್ಕೆ ಕಿವಿ ಹಚ್ಚಿ ಮಲಗಿದ.
ಪಟ್ಟಿಯಲ್ಲಿ ಅದಕ್ಕೊಂದು ಸಾಲಿರಲಿಲ್ಲ.

ಅತ್ತೆ ಕೈಯಾರೆ ಮಾಡಿದ ಚುರ್ಚ್‌ಖೇಲಾ ಕೊಟ್ಟೆ,
ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ ಅಕ್ರೋಟಿನ ಸರ.
ಮೂಸಿದ. ದೂರವಿಟ್ಟ.
ನಕ್ಷತ್ರದ ಚೀಟಿಗಳನ್ನೆಲ್ಲ ಮೇಜಿನ ಅಡಿಗೆ ಅಂಟಿಸಿದ;
ಅಲ್ಲೊಂದು ಆಕಾಶ ಈಗಲೂ ಇದೆ,
ಬಿದ್ದ ಪೆನ್ಸಿಲ್ ಹುಡುಕುವವರಿಗೆ ಮಾತ್ರ ಕಾಣುತ್ತದೆ.
ಶಾಭಾಸ್ ಅಂತ ಜೋರಾಗಿ ಚಪ್ಪಾಳೆ ತಟ್ಟಿದೆ.
ಕೆನ್ನೆಗೆ ಬಿದ್ದಂತೆ ಕಿವಿ ಮುಚ್ಚಿಕೊಂಡು ಗೋಡೆಗೆ ತಿರುಗಿದ.
ಅವತ್ತು ರಾತ್ರಿ ನನ್ನ ಅಂಗೈಗಳನ್ನೇ ನೋಡಿಕೊಂಡು ಕೂತಿದ್ದೆ.

ಖಾತಿಯಾಳದ್ದು ಬೇರೆ ಕತೆ.
ಗಾಲಿಕುರ್ಚಿಯ ಹುಡುಗಿ, ಹನ್ನೊಂದು ವರ್ಷ,
ಏನು ಕೊಡಲಿ ಅಂದರೆ ಅಕ್ಷರದ ಹಲಗೆಯ ಮೇಲೆ
ಬೆರಳು ಎಳೆದೆಳೆದು ಬರೆದಳು:
ಐದು ನಿಮಿಷ ಯಾರೂ ಸಹಾಯ ಮಾಡಬೇಡಿ.

ಕೊನೆಗೆ ಬಾಯಿಬಿಟ್ಟದ್ದು ಉಚಾನ ಅಜ್ಜಿ ತ್ಸಿಯಾಲಾ.
ಗಣಿಯ ಊಟದಮನೆಯಲ್ಲಿ ಪಾತ್ರೆ ತೊಳೆದೂ ತೊಳೆದೂ
ಬೆರಳ ಸಂದು ಬಿರಿದವಳು. "ಟೀಚರಮ್ಮಾ,
ನನ್ನನ್ನ ಮೊದಲೇ ಕೇಳಬಾರದಿತ್ತಾ?" ಅಂದು
ಏಪ್ರನ್ನಿನ ಜೇಬಿನಿಂದ ತೆಗೆದಳು
ಬಡಗಿ ತಮ್ಮನ ಹಳೇ ಅಳತೆ ಟೇಪು.
ಎಳೆದರೆ ಹಳದಿ ನಾಲಿಗೆ,
ಬಿಟ್ಟರೆ ಸರ್ರ್ ಅಂತ ಒಳಗೆ, ಕೊನೆಗೊಂದು ಟಕ್.
ಉಚಾನ ಮೈಯೆಲ್ಲ ಆ ಟಕ್ಕಿನೊಳಗೆ ನಕ್ಕಿತು.

ಆಮೇಲೆ ಕೆಲಸ ಸಲೀಸು.
ಗುಂಡಿ ಹಾಕಿದರೆ ಒಂದು ಸರ್ರ್, ಚಮಚ ಹಿಡಿದರೆ ಒಂದು ಸರ್ರ್,
ಆರು ವಾರಕ್ಕೆ, ಬಿರುಕಿನಿಂದ ನೀರು ಜಿನುಗಿದ ಹಾಗೆ,
"ಇನ್ನೂ" ಅಂದ.
ಹುಟ್ಟಿದ ಒಂಬತ್ತು ವರ್ಷಕ್ಕೆ ಮೊದಲ ಮಾತು, ಇನ್ನೂ.

ಹೆಡ್‌ಮಾಸ್ಟರ್ ಗುರಾಮ್ ಖುಷಿಯಾಗಿ ಹೇಳಿದರು:
ಟೇಪನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮನೆಯಲ್ಲೂ ಕೊಡದಿರಲಿ,
ಹಸಿವಿದ್ದರೆ ತಾನೇ ಊಟದ ಬೆಲೆ.
ಶಾಸ್ತ್ರ ಅವರ ಕಡೆಗೇ ಇತ್ತು. ಬೀಗ ಹಾಕಿದೆ.
ಬೀಗದ ಕೈ ಕೊರಳಲ್ಲಿ ಜೋತಾಡಿತು.
ಅವನದೇ ವಸ್ತುವನ್ನು ಕಿತ್ತಿಟ್ಟುಕೊಂಡು
ಒಂದೊಂದು ಮಾತಿಗೆ ಒಂದೊಂದು ಗೇಣು
ಅವನಿಗೇ ಮಾರುವ ಅಂಗಡಿಯವಳಾದೆ.
ಮೂರನೇ ದಿನ ಉಚಾ ಕಪಾಟಿನ ಮುಂದೆ ಕೂತ,
ಅಳಲಿಲ್ಲ, ಕೇಳಲಿಲ್ಲ. ಬೀಗವನ್ನು ನೋಡುತ್ತ ಕೂತ.
ಆ "ಇನ್ನೂ" ಕೂಡ ಎಲ್ಲೋ ಒಳಗೆ ಸುತ್ತಿಕೊಂಡಿತು.

ಸಂಜೆ ಕರೆದೊಯ್ಯಲು ಬಂದ ತ್ಸಿಯಾಲಾ
ಕೋಟಿನ ಗುಂಡಿ ಹಾಕಿಕೊಳ್ಳುತ್ತ ಕೇಳಿದಳು,
"ನೀನು ಪಾಠ ಮಾಡೋದು ಸಂಬಳಕ್ಕಾ?"
ಸಂಬಳಕ್ಕೂ ಹೌದು, ಅಂದೆ.
"ಹಾಡು ಕೇಳೋದು?"

ಮಾರನೇ ದಿನ ಬೀಗ ತೆಗೆದೆ.
ಶಾಲೆಗೆಂದು ನನ್ನ ದುಡ್ಡಲ್ಲಿ ಇನ್ನೊಂದು ಟೇಪು ಕೊಂಡೆ, ಐದು ಮೀಟರಿನದು,
ಅದು ಕೆಲಸದ್ದು; ಹಳೆಯದು ಅವನದು, ಯಾವಾಗಲೂ.
ಗುರಾಮ್ ತಲೆ ಕೊಡವಿದರು. ಕಲಿಕೆ ನಿಧಾನವಾದದ್ದೂ ನಿಜ.

ಅಕ್ಟೋಬರಿನ ಒಂದು ಮಧ್ಯಾಹ್ನ, ಕಿಟಕಿಯಾಚೆ
ಕೇಬಲ್ ಕಾರೊಂದು ಕಣಿವೆಯ ಮೇಲೆ ತೂಗುತ್ತಿದ್ದಾಗ,
ಏನೂ ಕಲಿಸದೆ, ಏನೂ ಕೇಳದೆ ಸುಮ್ಮನೆ ಕೂತಿದ್ದೆ.
ಉಚಾ ಬಂದ. ಟೇಪಿನ ಕೊಕ್ಕೆಯನ್ನು
ನನ್ನ ಚಪ್ಪಲಿಯ ತುದಿಗೆ ಸಿಕ್ಕಿಸಿದ.
ಮೊಣಕಾಲು, ಸೊಂಟ, ಭುಜ ದಾಟಿ ನೆತ್ತಿಯವರೆಗೆ ಎಳೆದು
ಅಂಕಿ ಓದಲು ಬಾರದ ಕಣ್ಣುಗಳಿಂದ ನನ್ನನ್ನು ಓದಿ
ಕೈ ಬಿಟ್ಟ.

ಸರ್ರ್.
ಟಕ್.

"ಇನ್ನೂ," ಅಂದೆ ನಾನು.